ಬಣ್ಣ ಹಚ್ಚುವ ಮುನ್ನ ಎರಡು ದಿನ

ನವೆಂಬರ್ ಹತ್ತಿರ ಬಂತೆಂದರೆ ನಮ್ಮ ವಾಷಿಂಗ್ಟನ್ ಸುತ್ತಮುತ್ತಲ ಕನ್ನಡದ ಮನೆಗಳಲ್ಲಿ ಎರಡು ಕೆಲಸ ತಪ್ಪದೆ ನಡೆಯುತ್ತವೆ. ಒಂದು, ಬೇಸ್‌ಮೆಂಟಿನಲ್ಲಿ ರಾಜ್ಯೋತ್ಸವದ ನಾಟಕದ ರಿಹರ್ಸಲ್. ಇನ್ನೊಂದು, ಬಾತ್‌ರೂಮಿನ ಬಾಗಿಲು ಹಾಕಿಕೊಂಡು ತಲೆಗೆ ಬಣ್ಣ. ಮೊದಲನೆಯದನ್ನು ಊರಿಗೆಲ್ಲ ಸಾರುತ್ತೇವೆ, ಎರಡನೆಯದನ್ನು ಪಕ್ಕದ ಮನೆಯವರಿಗೂ ಹೇಳುವುದಿಲ್ಲ. ಯಾರೂ ಹೇಳದ ಕಾರಣ ಯಾರೂ ಕಲಿಯುವುದೂ ಇಲ್ಲ. ಅದಕ್ಕೇ ಸಂಕೋಚ ಬಿಟ್ಟು ನಮ್ಮ ಮನೆಯ ಕಥೆಯಿಂದಲೇ ಶುರು ಮಾಡುತ್ತೇನೆ.

ಕೆಲವು ವರ್ಷಗಳ ಹಿಂದೆ ನಮ್ಮೆಜಮಾನರಿಗೆ ನಾಟಕದಲ್ಲಿ ಮದುವೆ ಗಂಡಿನ ಪಾತ್ರ. ಗಂಡಿನ ವಯಸ್ಸು ನಲವತ್ತೇಳು! ಗುರುವಾರ ರಾತ್ರಿ, ಹತ್ತು ವರ್ಷದಿಂದ ಹಚ್ಚಿಕೊಳ್ಳುತ್ತಿದ್ದ ಅದೇ ಕಪ್ಪು ಬಣ್ಣವನ್ನು ಹಚ್ಚಿಕೊಂಡರು. ಶುಕ್ರವಾರ ಸಂಜೆ ಹಣೆ ತುರಿಸತೊಡಗಿತು. ಶನಿವಾರ ಬೆಳಿಗ್ಗೆ ಎದ್ದರೆ ರೆಪ್ಪೆಗಳು ಊದಿಕೊಂಡು ಕಣ್ಣು ಬಿಡಲಾಗುತ್ತಿಲ್ಲ, ಕಿವಿಯ ಹಿಂದೆ ಗುಳ್ಳೆ ಎದ್ದು ನೀರು ಸೋರುತ್ತಿದೆ. ಮದುವೆ ಗಂಡು ಅರ್ಜೆಂಟ್ ಕೇರ್‌ನಲ್ಲಿ ಕುಳಿತಿದ್ದಾಗ ಇತ್ತ ವೇದಿಕೆಯ ಮೇಲೆ ಪ್ರಾಂಪ್ಟ್ ಮಾಡಬೇಕಿದ್ದ ಹುಡುಗನೇ ತಾಳಿ ಕಟ್ಟಿದ.

ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ ನಮಗೆ ವಿಚಿತ್ರವಾಗಿ ಕಂಡಿತು. "ನೀವು ಎಂದಾದರೂ ಮೈಮೇಲೆ ಕಪ್ಪು ಮೆಹಂದಿ ಬರೆಸಿಕೊಂಡಿದ್ದೀರಾ?" ಹೌದು, ಬರೆಸಿಕೊಂಡಿದ್ದರು. ಹಿಂದಿನ ಬೇಸಿಗೆಯಲ್ಲಿ ಸಮುದ್ರತೀರಕ್ಕೆ ಹೋದಾಗ ಮಗಳ ಹಟಕ್ಕೆ ಅಪ್ಪ, ಮಗಳು ಇಬ್ಬರೂ ತೋಳಿನ ಮೇಲೆ ಚೇಳಿನ ಚಿತ್ರ ಹಾಕಿಸಿಕೊಂಡು ಕುಣಿದಾಡಿದ್ದರು.

ಏನಿದು ಪಿಪಿಡಿ?

ಎರಡಕ್ಕೂ ಇರುವ ನಂಟಿನ ಹೆಸರು ಪ್ಯಾರಾ-ಫೆನಿಲೀನ್‌ಡೈಅಮೀನ್, ಚಿಕ್ಕದಾಗಿ ಪಿಪಿಡಿ. ಶಾಶ್ವತ ಬಣ್ಣ ಎಂದು ಮಾರುವ ಬಹುಪಾಲು ಕಪ್ಪು ಮತ್ತು ಕಂದು ಬಣ್ಣಗಳ ಮೂಲ ದ್ರವ್ಯ ಇದು ಅಥವಾ ಇದರ ಹತ್ತಿರದ ಬಂಧುಗಳು. ಇವು ಬಹಳ ಸಣ್ಣ ಅಣುಗಳು. ಅಮೋನಿಯಾದಂಥ ಕ್ಷಾರ ಕೂದಲಿನ ಹೊರಪದರವನ್ನು ಸಡಿಲಿಸುತ್ತದೆ, ಅಣುಗಳು ಒಳಗೆ ಹೋಗುತ್ತವೆ, ಪೆರಾಕ್ಸೈಡ್ ಜೊತೆ ಸೇರಿ ಒಳಗೇ ದೊಡ್ಡದಾಗಿ ಬಣ್ಣ ತಳೆಯುತ್ತವೆ. ಹೊರಗೆ ಬರಲು ದಾರಿಯಿಲ್ಲದ ಕಾರಣ ಎಷ್ಟು ತೊಳೆದರೂ ಬಣ್ಣ ನಿಲ್ಲುತ್ತದೆ.

ಚರ್ಮದ ವಿಷಯದಲ್ಲಿ ಇದೇ ಸಣ್ಣತನ ಕೆಟ್ಟದ್ದು. ಅಮೆರಿಕದ ಚರ್ಮತಜ್ಞರ ಸಂಘವೊಂದು 2006ರಲ್ಲಿ ಪಿಪಿಡಿಯನ್ನು ವರ್ಷದ ಅಲರ್ಜಿಕಾರಕ ಎಂದು ಹೆಸರಿಸಿತ್ತು. ಈ ಅಲರ್ಜಿ ಮೊದಲ ಸಲವೇ ಬರಬೇಕೆಂದಿಲ್ಲ. ಹತ್ತು ವರ್ಷ ಸುಮ್ಮನಿದ್ದ ದೇಹ ಹನ್ನೊಂದನೇ ವರ್ಷ ತಿರುಗಿ ಬೀಳಬಹುದು. ಒಮ್ಮೆ ಬಂತೆಂದರೆ ಸಾಮಾನ್ಯವಾಗಿ ಜೀವನಪೂರ್ತಿ ಇರುತ್ತದೆ, ಮುಂದಿನ ಸಲ ಇನ್ನೂ ಜೋರಾಗಿರುತ್ತದೆ. ಮೇಳ, ಬೀಚುಗಳಲ್ಲಿ ಬರೆಯುವ "ಕಪ್ಪು ಮೆಹಂದಿ"ಯಲ್ಲಿ ಇದೇ ಪಿಪಿಡಿಯನ್ನು ಹೆಚ್ಚು ಪ್ರಮಾಣದಲ್ಲಿ ಬೆರೆಸಿರುವುದುಂಟು. ಅದು ನೇರವಾಗಿ ಚರ್ಮದ ಮೇಲೆ ಗಂಟೆಗಟ್ಟಲೆ ಕೂರುತ್ತದೆ. ಹಾಗಾಗಿ ಇಂದು ನಾವು ಮಕ್ಕಳಿಗೆ ಆಟಕ್ಕೆಂದು ಬರೆಸುವ ಒಂದು ಚೇಳು, ನಾಳೆ ಅವರ ತಲೆ ನರೆಯುವ ಕಾಲಕ್ಕೆ ಕುಟುಕಬಹುದು. ನನಗೆ ಅಂದು ಯಜಮಾನರ ಮುಖಕ್ಕಿಂತ ಮಗಳ ತೋಳು ನೆನಪಾಗಿ ಹೆಚ್ಚು ಸಂಕಟವಾಯಿತು.

ಸರ್ಕಾರ ನೋಡಿಕೊಳ್ಳುವುದಿಲ್ಲವೇ?

"ಅಮೆರಿಕದಲ್ಲಿ ಮಾರುವುದೆಲ್ಲ ಎಫ್‌ಡಿಎ ಒಪ್ಪಿದ್ದೇ ಅಲ್ಲವೇ?" ಎಂದು ನಾನೂ ಅಂದುಕೊಂಡಿದ್ದೆ. ಎಫ್‌ಡಿಎ ಕಚೇರಿ ಇರುವುದು ಇಲ್ಲೇ ಸಿಲ್ವರ್ ಸ್ಪ್ರಿಂಗ್‌ನಲ್ಲಿ. ಆದರೆ 1938ರ ಕಾಯಿದೆಯಲ್ಲಿ ಈ ಜಾತಿಯ ತಲೆಗೂದಲ ಬಣ್ಣಗಳಿಗೆ ಒಂದು ವಿನಾಯಿತಿ ಇದೆ. ಡಬ್ಬಿಯ ಮೇಲೆ ಎಚ್ಚರಿಕೆ ಮುದ್ರಿಸಿ, ಮೊದಲು ಪರೀಕ್ಷಿಸಿಕೊಳ್ಳುವ ವಿಧಾನ ಕೊಟ್ಟರೆ ಎಫ್‌ಡಿಎಯ ಮುಂಗಡ ಒಪ್ಪಿಗೆ ಬೇಕಿಲ್ಲ. ಅಂದರೆ ಪರೀಕ್ಷೆ ಮಾಡುವ ಹೊಣೆ ನಮ್ಮದು! ನಾವೋ, ಆ ಕಾಗದವನ್ನು ಬಿಚ್ಚದೆ ಕಸಕ್ಕೆ ಹಾಕಿ ಗ್ಲೌಸ್ ಹುಡುಕುತ್ತೇವೆ. ಅದೇ ಎಚ್ಚರಿಕೆಯಲ್ಲಿ ಹುಬ್ಬು, ರೆಪ್ಪೆಗೆ ಹಚ್ಚಿದರೆ ಕಣ್ಣು ಹೋಗಬಹುದು ಎಂದೂ ಇದೆ. "ಮಿಕ್ಕಿದ್ದನ್ನು ಹುಬ್ಬಿಗೂ ಸವರಿಬಿಡೋಣ" ಎನ್ನುವವರು ದಯವಿಟ್ಟು ಗಮನಿಸಿ.

ಪರೀಕ್ಷೆ ಬಹಳ ಸುಲಭ. ಕಾಗದದಲ್ಲಿ ಹೇಳಿದಂತೆ ಚಿಟಿಕೆಯಷ್ಟು ಬಣ್ಣವನ್ನು ಕಿವಿಯ ಹಿಂದೆ ಅಥವಾ ಮೊಣಕೈ ಒಳಮಡಿಕೆಯಲ್ಲಿ ಹಚ್ಚಿ 48 ಗಂಟೆ ಕಾಯಬೇಕು. ತುರಿಕೆ, ಕೆಂಪು, ಊತ ಯಾವುದೂ ಇಲ್ಲದಿದ್ದರೆ ಮಾತ್ರ ತಲೆಗೆ. 48 ಗಂಟೆ ಏಕೆಂದರೆ ಈ ಅಲರ್ಜಿ ನಿಧಾನಸ್ಥ. ಗುರುವಾರ ಹಚ್ಚಿದ್ದಕ್ಕೆ ಶನಿವಾರ ಉತ್ತರ ಕೊಡುತ್ತದೆ. ಅದೇ ಬ್ರಾಂಡ್ ಆದರೂ ಪ್ರತಿ ಸಲ ಮಾಡಬೇಕು. ಹಿಂದೆ ಒಮ್ಮೆ ಊದಿಕೊಂಡವರು ಮನೆಯಲ್ಲಿ ಪರೀಕ್ಷೆಗೂ ಹೋಗಬಾರದು, ನೇರವಾಗಿ ಚರ್ಮವೈದ್ಯರನ್ನು ಕಾಣಬೇಕು. ಉಸಿರಾಟಕ್ಕೆ ತೊಂದರೆಯಾದರೆ ಯೋಚಿಸದೆ 911.

ಇನ್ನೊಂದು ಮಾತು. "ಅಮೋನಿಯಾ ಇಲ್ಲ" ಎಂದು ಬರೆದಿದ್ದರೆ ಪಿಪಿಡಿ ಇಲ್ಲ ಎಂದರ್ಥವಲ್ಲ. "ಪಿಪಿಡಿ ಇಲ್ಲ" ಎಂದು ಬರೆದ ಕಡೆ ಅದರ ಬಂಧು ಟೊಲ್ಯೂಯೀನ್-2,5-ಡೈಅಮೀನ್ ಇರಬಹುದು. ಒಂದಕ್ಕೆ ಅಲರ್ಜಿ ಇರುವ ಕೆಲವರಿಗೆ ಇನ್ನೊಂದಕ್ಕೂ ಇರುತ್ತದೆ.

ಒಪ್ಪುವ ಬಣ್ಣ ಯಾವುದು?

ನಮ್ಮಲ್ಲಿ ಹೆಚ್ಚಿನವರು ಮಾಡುವ ತಪ್ಪು, ಡಬ್ಬಿಗಳ ಸಾಲಿನಲ್ಲಿ ಅತ್ಯಂತ ಕಪ್ಪಾದದ್ದಕ್ಕೇ ಕೈ ಹಾಕುವುದು. ನಿಮ್ಮ ಇಪ್ಪತ್ತರ ಪ್ರಾಯದ ಫೋಟೋ ತೆಗೆದು ಬಿಸಿಲಲ್ಲಿ ನಿಂತದ್ದನ್ನು ನೋಡಿ. ನಾವು ಕಪ್ಪು ಎಂದುಕೊಂಡ ಕೂದಲು ಸಾಮಾನ್ಯವಾಗಿ ಗಾಢ ಕಂದು. ಬಣ್ಣಗಳ ಅಳತೆಯಲ್ಲಿ 1 ಎಂದರೆ ಕಪ್ಪು, ಸಂಖ್ಯೆ ಏರಿದಂತೆ ತಿಳಿ. ನಮ್ಮವರ ಹುಟ್ಟು ಬಣ್ಣ ಸಾಮಾನ್ಯವಾಗಿ 1ರಿಂದ 3ರೊಳಗೆ. ವಯಸ್ಸಾದಂತೆ ಮುಖದ ಕಳೆಯೂ ಮೆದುವಾಗುವುದರಿಂದ ಅದರ ಸುತ್ತ ಅಚ್ಚಕಪ್ಪು, ಅದರಲ್ಲೂ ನೀಲಿ ಛಾಯೆಯ ಕಪ್ಪು, ಟೋಪಿ ಇಟ್ಟಂತೆ ಕಾಣುತ್ತದೆ. ಸುಕ್ಕು, ಕಣ್ಣಿನ ಕೆಳಗಿನ ಕಪ್ಪು ಎದ್ದು ತೋರುತ್ತವೆ. ಹುಟ್ಟು ಬಣ್ಣಕ್ಕಿಂತ ಒಂದು ಮೆಟ್ಟಿಲು ತಿಳಿಯಾದ ಗಾಢ ಕಂದು ಬಹುಪಾಲು ಎಲ್ಲರಿಗೂ ಒಪ್ಪುತ್ತದೆ. ಇದರಲ್ಲಿ ಇನ್ನೊಂದು ಲಾಭವಿದೆ. ಕೂದಲು ತಿಂಗಳಿಗೆ ಸುಮಾರು ಅರ್ಧ ಇಂಚು ಬೆಳೆಯುತ್ತದೆ. ಅಚ್ಚಕಪ್ಪಿನ ಬುಡದಲ್ಲಿ ಮೂರೇ ವಾರಕ್ಕೆ ಬೈತಲೆಯುದ್ದಕ್ಕೂ ಸುಣ್ಣದ ಗೆರೆ ಎಳೆದಂತೆ ಕಾಣುತ್ತದೆ. ಕಂದಿನಲ್ಲಿ ಅಷ್ಟು ಎದ್ದು ಕಾಣದು.

ಡಬ್ಬಿಯ ಮೇಲಿನ ಅಕ್ಷರಗಳಲ್ಲಿ ಸಾಮಾನ್ಯವಾಗಿ ಎನ್ ಎಂದರೆ ಸಹಜ, ಎ ಎಂದರೆ ಬೂದಿ ಛಾಯೆ, ಜಿ ಎಂದರೆ ಹೊಂಬಣ್ಣ, ಆರ್ ಎಂದರೆ ಕೆಂಪು. ಚಿನ್ನದ ಒಡವೆ ಹೆಚ್ಚು ಒಪ್ಪುವ ಮೈಬಣ್ಣಕ್ಕೆ ಸಹಜ ಅಥವಾ ತುಸು ಹೊಂಬಣ್ಣ, ಬೆಳ್ಳಿ ಒಪ್ಪುವವರಿಗೆ ಸಹಜ ಅಥವಾ ಬೂದಿ ಛಾಯೆ ಎಂದು ಇಟ್ಟುಕೊಳ್ಳಬಹುದು. ಡಬ್ಬಿಯ ಮೇಲಿನ ಹುಡುಗಿಯ ಕೂದಲು ನೋಡಿ ಮರುಳಾಗಬೇಡಿ. ನಮ್ಮ ಕಪ್ಪು ಕೂದಲ ಮೇಲೆ ತಿಳಿ ಕಂದು ಹಚ್ಚಿದರೆ ಕಪ್ಪು ಭಾಗ ಅಷ್ಟಾಗಿ ಬದಲಾಗದೆ, ಬಿಳಿ ಭಾಗ ಮಾತ್ರ ತಾಮ್ರದ ತಂತಿಯಂತೆ ಹೊಳೆಯುತ್ತದೆ. ಕಾಲು ಭಾಗಕ್ಕಿಂತ ಕಡಿಮೆ ನರೆ ಇದ್ದರೆ ಕೆಲವು ವಾರಗಳಲ್ಲಿ ತಾನೇ ಮಾಸುವ ಮೃದು ಬಣ್ಣ ಸಾಕು. ಅರ್ಧಕ್ಕಿಂತ ಹೆಚ್ಚಿದ್ದರೆ ಮಾತ್ರ ಶಾಶ್ವತದ ಯೋಚನೆ.

ಮದರಂಗಿಯ ದಾರಿ

ನಮ್ಮ ಅತ್ತೆಯವರು ಮೈಸೂರಿನಿಂದ ಬಂದಾಗ ಹೇಳಿದ್ದು ಒಂದೇ ಮಾತು: "ಗೋರಂಟಿ ಇರುವಾಗ ಈ ವಿಷ ಯಾಕಮ್ಮಾ?" ಮಾತು ಸರಿ, ಆದರೆ ಪೊಟ್ಟಣ ನೋಡಿ ಕೊಳ್ಳಬೇಕು. ಶುದ್ಧ ಗೋರಂಟಿ ಎಂದರೆ ಪದಾರ್ಥಗಳ ಪಟ್ಟಿಯಲ್ಲಿ ಲಾಸೋನಿಯಾ ಇನರ್ಮಿಸ್ ಎಲೆ ಒಂದೇ ಇರಬೇಕು. ಅದು ಕೊಡುವುದು ಕೇಸರಿ ಕೆಂಪನ್ನು ಮಾತ್ರ. ಅರ್ಧ ಗಂಟೆಯಲ್ಲಿ ಕಡುಕಪ್ಪು ಬರುತ್ತದೆ ಎನ್ನುವ "ಮೆಹಂದಿ" ಹೆಸರಿಗಷ್ಟೇ ಮೆಹಂದಿ, ಒಳಗೆ ಹೆಚ್ಚಾಗಿ ಅದೇ ಪಿಪಿಡಿ.

ಕಂದು ಬೇಕೆಂದರೆ ಎರಡು ಹಂತ. ಮೊದಲು ಗೋರಂಟಿ ಪುಡಿಯನ್ನು ಟೀ ಡಿಕಾಕ್ಷನ್, ಸ್ವಲ್ಪ ನಿಂಬೆರಸದಲ್ಲಿ ಕಲೆಸಿ ಆರೆಂಟು ಗಂಟೆ ಬಿಟ್ಟು, ತಲೆಗೆ ಹಚ್ಚಿ ಎರಡು ಮೂರು ಗಂಟೆ ಇಟ್ಟು ತೊಳೆಯಿರಿ. ಆಮೇಲೆ ನೀಲಿ ಗಿಡದ ಎಲೆಯ ಪುಡಿ; ಇಂಡಿಗೋ ಎಂದು ಇಂಡಿಯನ್ ಅಂಗಡಿಗಳಲ್ಲಿ ಸಿಗುತ್ತದೆ. ಇದನ್ನು ಉಗುರುಬೆಚ್ಚಗಿನ ನೀರಲ್ಲಿ ಕಲೆಸಿ ಹದಿನೈದು ನಿಮಿಷದೊಳಗೆ ಹಚ್ಚಬೇಕು, ಹುಳಿ ಸೋಕಿಸಬಾರದು. ಅರ್ಧ ಗಂಟೆ ಇಟ್ಟರೆ ಕಂದು, ಒಂದೂವರೆ ಗಂಟೆ ಇಟ್ಟರೆ ಕಪ್ಪಿನ ಹತ್ತಿರ. ತೊಳೆದ ತಕ್ಷಣ ಹಸಿರು ಛಾಯೆ ಕಂಡರೆ ಹೆದರಬೇಡಿ, ಒಂದೆರಡು ದಿನದಲ್ಲಿ ಬಣ್ಣ ಕೂರುತ್ತದೆ. ಅಲ್ಲಿಯವರೆಗೆ ಶಾಂಪೂ ಬೇಡ. ಮೊಸರು, ಮೊಟ್ಟೆ ಕೂದಲಿಗೆ ನುಣುಪು ಕೊಡಬಹುದು, ಬಣ್ಣಕ್ಕೆ ಸಹಾಯ ಮಾಡವು. ಗಿಡಮೂಲಿಕೆಗೂ ಅಲರ್ಜಿ ಬರುವುದುಂಟು, ಆದ್ದರಿಂದ ಇಲ್ಲೂ ಎರಡು ದಿನದ ಪರೀಕ್ಷೆ ತಪ್ಪದು. ಲೋಹದ ಲವಣ ಬೆರೆತ ಮೆಹಂದಿ ಹಚ್ಚಿದ ಕೂದಲಿಗೆ ಪೆರಾಕ್ಸೈಡ್ ಬಿದ್ದರೆ ಕೂದಲು ಬಿಸಿಯಾಗಿ ಸುಡುವುದೂ ಉಂಟು. ಪೊಟ್ಟಣದಲ್ಲಿ ಏನಿತ್ತೆಂದು ಗೊತ್ತಿಲ್ಲದಿದ್ದರೆ ಅದರ ಮೇಲೆ ಡಬ್ಬಿಯ ಬಣ್ಣ ಹಚ್ಚಬೇಡಿ.

ಹಚ್ಚುವ ದಿನ

ಹಳೆಯ ಟೀ ಶರ್ಟ್ ಹಾಕಿ, ಹಣೆಯಂಚಿಗೆ, ಕಿವಿಗೆ ವ್ಯಾಸಲೀನ್ ಸವರಿ. ಕಾರ್ಪೆಟ್ ಇರುವ ಕೋಣೆಯಲ್ಲಿ ಈ ಸಾಹಸ ಬೇಡ. ಬಾಡಿಗೆ ಮನೆಯವರ ಡಿಪಾಸಿಟ್ ಅಲ್ಲೇ ಮುಳುಗುತ್ತದೆ. ಬಾತ್‌ರೂಮಿನ ಫ್ಯಾನ್ ಹಾಕಿ. ಪ್ಲಾಸ್ಟಿಕ್ ಬಟ್ಟಲಲ್ಲೇ ಕಲೆಸಿ. ಮೊದಲು ಕತ್ತಿನ ಹಿಂದಿನ ಒಂದು ಎಳೆಗೆ ಹಚ್ಚಿ ಬಣ್ಣ ನೋಡಿ. ಕೂದಲನ್ನು ನಾಲ್ಕು ಭಾಗ ಮಾಡಿ, ನರೆ ಹೆಚ್ಚಿರುವ ಮುಂಭಾಗದ ಬುಡದಿಂದ ಶುರು ಮಾಡಿ. ಮುಂದಿನ ಸಲ ಹೊಸದಾಗಿ ಬೆಳೆದ ಬುಡಕ್ಕೆ ಮಾತ್ರ ಹಚ್ಚಿ. ಪ್ರತಿ ಸಲ ತುದಿಯವರೆಗೆ ಎಳೆದರೆ ತುದಿ ಕಪ್ಪಾಗುತ್ತಾ ಒಣಗುತ್ತಾ ಹೋಗುತ್ತದೆ. ಗಡಿಯಾರ ನೋಡಿ ತೊಳೆಯಿರಿ, "ಇನ್ನೈದು ನಿಮಿಷ ಇರಲಿ" ಬೇಡ. ಮಿಕ್ಕಿದ್ದನ್ನು ಮುಚ್ಚಿಡಬೇಡಿ, ಅನಿಲ ತುಂಬಿ ಬಾಟಲಿ ಸಿಡಿಯಬಹುದು. ಅಟ್ಲಾಂಟಾ, ಕೆರೊಲಿನಾ ಕಡೆ ಅರ್ಧ ವರ್ಷ ಬಿಸಿಲು ಮತ್ತು ಈಜುಕೊಳದಲ್ಲಿ ಇರುವವರ ಬಣ್ಣ ಬೇಗ ಕೆಂಪಾಗುತ್ತದೆ. ಕೊಳಕ್ಕಿಳಿಯುವ ಮುನ್ನ ತಲೆಯನ್ನು ಶುದ್ಧ ನೀರಲ್ಲಿ ನೆನೆಸಿ ಕಂಡೀಷನರ್ ಹಚ್ಚಿಕೊಂಡರೆ ಕೂದಲು ಕ್ಲೋರಿನ್ ಕಡಿಮೆ ಹೀರುತ್ತದೆ.

ಕ್ಯಾನ್ಸರ್ ಭಯ

ಕೇರಿಯಲ್ಲಿರುವ ನನ್ನ ಚಿಕ್ಕಪ್ಪನ ಮಗಳು ಕೇಳಿದ್ದು ಇದನ್ನೇ. ಅವಳ ಮನೆಯ ಹತ್ತಿರವೇ, ರಿಸರ್ಚ್ ಟ್ರಯಾಂಗಲ್ ಪಾರ್ಕ್‌ನಲ್ಲಿರುವ ರಾಷ್ಟ್ರೀಯ ಪರಿಸರ ಆರೋಗ್ಯ ಸಂಸ್ಥೆ 2019ರಲ್ಲಿ 46 ಸಾವಿರಕ್ಕೂ ಹೆಚ್ಚು ಮಹಿಳೆಯರ ಅಧ್ಯಯನ ಪ್ರಕಟಿಸಿತು. ಶಾಶ್ವತ ಬಣ್ಣ ಬಳಸಿದವರಲ್ಲಿ ಸ್ತನ ಕ್ಯಾನ್ಸರ್ ಸಾಧ್ಯತೆ ಬಳಸದವರಿಗಿಂತ ಶೇ. 9ರಷ್ಟು ಹೆಚ್ಚು ಕಂಡಿತು. ಕಪ್ಪು ಮಹಿಳೆಯರಲ್ಲಿ ಇದು ಶೇ. 45. ತಾತ್ಕಾಲಿಕ ಮತ್ತು ಮೃದು ಬಣ್ಣಗಳಲ್ಲಿ ಹೆಚ್ಚಳ ಇಲ್ಲವೆನ್ನುವಷ್ಟು ಕಡಿಮೆ. ಶೇ. 9 ಎಂದರೆ ನೂರಕ್ಕೆ ಒಂಬತ್ತು ಜನಕ್ಕೆ ಎಂದಲ್ಲ. ಮೊದಲೇ ಇರುವ ಸಾಧ್ಯತೆಗೆ ಅದರ ಶೇ. 9ರಷ್ಟು ಸೇರ್ಪಡೆ. ಈ ಮಹಿಳೆಯರೆಲ್ಲ ಸ್ತನ ಕ್ಯಾನ್ಸರ್ ಬಂದವರ ಅಕ್ಕತಂಗಿಯರು ಎಂಬುದನ್ನೂ ನೆನಪಿಡಬೇಕು. ಹೆದರಿ ಓಡಬೇಕಿಲ್ಲ, ಆದರೆ ಮೂರು ವಾರಕ್ಕೊಮ್ಮೆ ಹಚ್ಚುವುದನ್ನು ಎರಡು ತಿಂಗಳಿಗೊಮ್ಮೆ ಮಾಡಿಕೊಳ್ಳಲು ಇದು ಒಳ್ಳೆಯ ಕಾರಣ. ತಿಳಿ ಕಂದು ಆರಿಸಿದವರಿಗೆ ಅದು ಸಾಧ್ಯವೂ ಹೌದು.

ನಮ್ಮೆಜಮಾನರು ಈಗ ಬಣ್ಣ ಬಿಟ್ಟಿದ್ದಾರೆ. ಮರುವರ್ಷದ ನಾಟಕದಲ್ಲಿ ಮದುವೆ ಗಂಡಿನ ತಾತನ ಪಾತ್ರ ಸಿಕ್ಕಿತು. ಮೇಕಪ್ ಖರ್ಚಿಲ್ಲದೆ ಚಪ್ಪಾಳೆಯೂ ಜೋರಾಗಿಯೇ ಬಿತ್ತು. ನಾನು ವರ್ಷಕ್ಕೆ ಮೂರು ನಾಲ್ಕು ಸಲ ಗೋರಂಟಿ, ನೀಲಿ ಹಚ್ಚುತ್ತೇನೆ. ಮಗಳು ಮದುವೆಮನೆಗೆ ಹೋದಾಗ ಮೆಹಂದಿ ಹಾಕುವವರನ್ನು "ಆಂಟಿ, ಇದರಲ್ಲಿ ಏನೇನಿದೆ?" ಎಂದು ಮೊದಲು ಕೇಳಿಯೇ ಕೈ ಚಾಚುತ್ತಾಳೆ.

ಈ ಸಲ ರಾಜ್ಯೋತ್ಸವಕ್ಕೆ ಬಣ್ಣ ಹಚ್ಚಿಯೇ ಬರುತ್ತೀರಾ? ಸಂತೋಷ. ಶನಿವಾರದ ಕಾರ್ಯಕ್ರಮಕ್ಕೆ ಡಬ್ಬಿಯನ್ನು ಹಿಂದಿನ ವಾರವೇ ತೆರೆಯಿರಿ, ಕಿವಿಯ ಹಿಂದೆ ಒಂದು ಚುಕ್ಕೆ ಇಡಿ, ಎರಡು ದಿನ ಕಾಯಿರಿ. ಸಭಾಂಗಣದಲ್ಲಿ ನಗುಮುಖದಿಂದ ಭೇಟಿಯಾಗೋಣ.