ಹೆಣ್ಣುಹಕ್ಕಿಯ ಮೈಸ್ಥಿತಿ ಮತ್ತು ಸಂಗಾತಿಯ ಆಯ್ಕೆ

ಹೆಣ್ಣುಹಕ್ಕಿಗಳೆಲ್ಲವೂ ಅತ್ಯಂತ ಬಲಿಷ್ಠ ಗಂಡನ್ನೇ ಬಯಸುತ್ತವೆ ಎಂಬ ನಂಬಿಕೆಯನ್ನು, ಆಸ್ಟ್ರೇಲಿಯಾದ ಪುಟ್ಟ ಹಾಡುಹಕ್ಕಿಯಾದ ಜೀಬ್ರಾ ಫಿಂಚ್ ಕುರಿತು ನೆದರ್ಲೆಂಡ್ಸ್‌ನ ಲೈಡನ್ ವಿಶ್ವವಿದ್ಯಾಲಯದ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಅಧ್ಯಯನವು ಬಲವಾಗಿ ಪ್ರಶ್ನಿಸಿತು.

ಮರಿಗಳನ್ನು ಕೆಲವೇ ಒಡಹುಟ್ಟುಗಳಿರುವ ಗೂಡುಗಳಿಗೂ, ಆಹಾರಕ್ಕೆ ಪೈಪೋಟಿ ಹೆಚ್ಚಿರುವ ತುಂಬಿದ ಗೂಡುಗಳಿಗೂ ಹಂಚಿ ಬೆಳೆಸಲಾಯಿತು. ಹೀಗೆ ಬಾಲ್ಯದ ಪೋಷಣೆಯೇ ಅವುಗಳ ಮೈಸ್ಥಿತಿಯನ್ನು, ಅಂದರೆ ದೇಹದ ಒಟ್ಟಾರೆ ಪುಷ್ಟಿಯನ್ನು, ಬೇರೆಬೇರೆಯಾಗಿಸಿತು. ಪ್ರಾಯಕ್ಕೆ ಬಂದ ಹೆಣ್ಣುಗಳು ಕೊಕ್ಕಿನಿಂದ ಗುಂಡಿಯೊತ್ತಿ ಗಂಡುಗಳ ಧ್ವನಿಮುದ್ರಿತ ಹಾಡನ್ನು ಕೇಳುವಂತೆ ಏರ್ಪಡಿಸಿದಾಗ, ಪುಷ್ಟವಾದವು ಪುಷ್ಟ ಗಂಡಿನ ಹಾಡನ್ನು ಮೆಚ್ಚಿದರೆ, ಸೊರಗಿ ಬೆಳೆದವು ತಮ್ಮಂತೆಯೇ ಬೆಳೆದ ಗಂಡಿನ ಹಾಡನ್ನೇ ಮತ್ತೆಮತ್ತೆ ಆರಿಸಿಕೊಂಡವು. ಅಲ್ಲಿ ಪ್ರತಿಸ್ಪರ್ಧಿಗಳಿರಲಿಲ್ಲವಾದ್ದರಿಂದ ಇದನ್ನು ಸೋತವರ ರಾಜಿ ಎನ್ನಲಾಗದು.

ಹಕ್ಕಿಗಳನ್ನು ಜೋಡಿಯಾಗಿಸಿದಾಗಲೂ, ಸಮಾನ ಮೈಸ್ಥಿತಿಯ ಜೋಡಿಗಳು ಅಸಮ ಜೋಡಿಗಳಿಗಿಂತ ಬೇಗನೆ ಮೊಟ್ಟೆಯಿಟ್ಟವು.