ಕುರುಮಾನ್‌ನ ಶನಿವಾರಗಳು

ದಕ್ಷಿಣ ಆಫ್ರಿಕಾದ ಉತ್ತರ ಭಾಗ, ಕಲಹರಿ ಮರುಭೂಮಿಯ ಅಂಚು. ಕಣ್ಣು ಹಾಯಿಸಿದಷ್ಟೂ ಕೆಂಪು ಮರಳು, ಒಣಹುಲ್ಲು, ಮುಳ್ಳಿನ ಮರಗಳು. ಇಂಥ ಬಯಲಿನ ನಡುವೆ ಬಂಡೆಯ ಸಂದಿಯಿಂದ ತಿಳಿನೀರು ಉಕ್ಕುತ್ತದೆ. ದಿನಕ್ಕೆ ಸುಮಾರು 2 ಕೋಟಿ ಲೀಟರ್, ಬರಗಾಲ ಬಂದರೂ ನಿಲ್ಲದ ನೀರು. ‘ಕುರುಮಾನ್‌ನ ಕಣ್ಣು’ ಎಂದು ಹೆಸರಾದ ಈ ಚಿಲುಮೆಯ ಕೆಳಗಿನ ಕಣಿವೆಗೆ 1824ರಲ್ಲಿ ಒಂದು ಸಂಸಾರ ಎತ್ತಿನ ಬಂಡಿಗಳಲ್ಲಿ ತನ್ನ ಗಂಟುಮೂಟೆ ಹೇರಿಕೊಂಡು ಬಂತು. ಗಂಡ ರಾಬರ್ಟ್ ಮೊಫಾಟ್, ಹೆಂಡತಿ ಮೇರಿ, ಜೊತೆಗೆ ಮಕ್ಕಳು.

ರಾಬರ್ಟ್ ಸ್ಕಾಟ್ಲೆಂಡಿನವನು, ಕಸುಬಿನಲ್ಲಿ ತೋಟದ ಮಾಲಿ. ಮೇರಿ ಸ್ಮಿತ್, ಅವನು ಇಂಗ್ಲೆಂಡಿನಲ್ಲಿ ಕೆಲಸಕ್ಕಿದ್ದ ಸಸಿತೋಟದ ಯಜಮಾನನ ಮಗಳು. ಲಂಡನ್ ಮಿಷನರಿ ಸೊಸೈಟಿ ಅವನನ್ನು ಆಫ್ರಿಕಾಕ್ಕೆ ಕಳಿಸಿದಾಗ ಮಗಳನ್ನು ಕೊಡಲು ತಂದೆತಾಯಿ ಒಪ್ಪಲಿಲ್ಲ. 1817ರಲ್ಲಿ ಅವನೊಬ್ಬನೇ ಕೇಪ್‌ಟೌನಿಗೆ ಬಂದಿಳಿದ. ಹೆತ್ತವರ ಮನಸ್ಸು ಕರಗುವುದಕ್ಕೆ ಎರಡು ವರ್ಷಗಳೇ ಹಿಡಿದವು. 1819ರ ಡಿಸೆಂಬರ್‌ನಲ್ಲಿ ಹಡಗಿನಿಂದ ಇಳಿದ ಮೇರಿಗೆ ಅದೇ ತಿಂಗಳು ಮದುವೆ. ಆಮೇಲೆ ಉತ್ತರದ ಕಡೆಗೆ ವಾರಗಟ್ಟಲೆ ಬಂಡಿ ಪ್ರಯಾಣ. ದಿಬ್ಬ ಹತ್ತಬೇಕು, ಹೊಳೆ ದಾಟಬೇಕು, ಅಚ್ಚು ಮುರಿದರೆ ಮುರಿದಲ್ಲೇ ಬೀಡು ಬಿಡಬೇಕು. ತೋಟದ ಮನೆಯಲ್ಲಿ ಬೆಳೆದ ಹುಡುಗಿಗೆ ಮುಂದಿನ ಐವತ್ತು ವರ್ಷ ಇದೇ ರೂಢಿಯಾಯಿತು.

ಮೇರಿಯ ಒಂದು ಪತ್ರವನ್ನು ನಮ್ಮ ಹಳ್ಳಿಮನೆಗಳಲ್ಲಿ ಬೆಳೆದವರು ಓದಿದರೆ ನಕ್ಕೇ ನಗುತ್ತಾರೆ. ವಿಷಯ ಸಗಣಿಯದು. ನೆಲಕ್ಕೆ ಸಗಣಿ ಸಾರಿಸುವುದನ್ನು ಮೊದಲು ಕಂಡಾಗ ಈ ಕೊಳಕು ಕೆಲಸ ತನಗೆ ಬೇಡ ಎನಿಸಿತ್ತಂತೆ. ಸ್ವಲ್ಪ ದಿನ ಕಳೆದ ಮೇಲೆ ಅವಳ ಮನೆಯ ಕೋಣೆಗಳಿಗೂ ವಾರಕ್ಕೊಮ್ಮೆ ಸಾರಣೆ ಶುರುವಾಯಿತು. ಧೂಳು ಅಡಗುತ್ತದೆ, ಚಿಗಟ ಸಾಯುತ್ತದೆ, ನೆಲಕ್ಕೆ ಚೆಂದದ ಹಸಿರು ಬಣ್ಣ ಬರುತ್ತದೆ ಎಂದು ತವರಿಗೆ ವಿವರವಾಗಿ ಬರೆಯುತ್ತಾಳೆ. ಶನಿವಾರ ಯಾವಾಗ ಬಂದೀತೋ ಎಂದು ಕಾಯುವ ಮಟ್ಟಕ್ಕೆ ಬಂದುಬಿಟ್ಟಿದ್ದಳು. ಭಾನುವಾರ ಗಂಡ ಉಪದೇಶಕ್ಕೆ ನಿಲ್ಲುವ ಮೊದಲು, ಶನಿವಾರ ಹೆಂಡತಿ ಆ ನೆಲದ ಪಾಠ ಕಲಿತಿದ್ದಳು. ಕುರುಮಾನ್‌ನ ಕಥೆಯನ್ನು ಚರ್ಚಿನ ವೇದಿಕೆಯಿಂದ ಹೇಳುವುದು ವಾಡಿಕೆ. ನನಗೆ ಅಡುಗೆಮನೆಯ ಕಡೆಯಿಂದ ನೋಡುವುದೇ ಹೆಚ್ಚು ಸರಿ ಎನಿಸುತ್ತದೆ.

ಆ ಅಡುಗೆಮನೆಗೆ ಬಾಗಿಲಿದ್ದೂ ಇಲ್ಲದಂತೆ. ಊರಿನ ತ್ಸ್ವಾನಾ ಜನ ಬರುವುದು, ಕೂರುವುದು, ಮಲಗುವುದು, ಕೈಗೆ ಸಿಕ್ಕಿದ್ದನ್ನು ಒಯ್ಯುವುದು ದಿನದಿನದ ಸಂಗತಿ. ಒಮ್ಮೆ ಪ್ರಾರ್ಥನೆಗೆ ಹೊರಟ ಮೇರಿ, ಬಾಗಿಲು ಹಾಕಬೇಕು, ಸ್ವಲ್ಪ ಹೊರಗೆ ಹೋಗಿರಮ್ಮ ಎಂದು ಒಬ್ಬ ಹೆಂಗಸನ್ನು ಕೇಳಿಕೊಂಡಳು. ಆಕೆ ಕಟ್ಟಿಗೆ ಎತ್ತಿ ಹೊಡೆಯಲು ಬಂದಳು. ಮೇರಿ ಮನೆಯನ್ನು ಅವಳಿಗೇ ಬಿಟ್ಟು ಓಡಬೇಕಾಯಿತು. ನೀರಿನ ಜಗಳ ಇದಕ್ಕಿಂತ ದೊಡ್ಡದು. ತರಕಾರಿ ತೋಟಕ್ಕೆಂದು ಮಿಷನರಿಗಳು ಕಾಲುವೆ ತೋಡಿ ನೀರು ತಿರುಗಿಸಿದರೆ, ಊರಿನ ಹೆಂಗಸರು ಗುದ್ದಲಿ ಹಿಡಿದು ಹೋಗಿ ಒಡ್ಡನ್ನೇ ಒಡೆದುಬಿಡುತ್ತಿದ್ದರು. ಮೊಫಾಟ್ ಇದನ್ನು ಕಿರುಕುಳವೆಂದು ಬರೆದಿದ್ದಾನೆ. ಎಲ್ಲಿಂದಲೋ ಬಂದವರು ಹೊಳೆಯನ್ನೇ ತಮ್ಮ ಹೊಲಕ್ಕೆ ತಿರುಗಿಸಿಕೊಂಡರೆ ಯಾವ ಊರಿನ ಹೆಂಗಸರು ತಾನೆ ಸುಮ್ಮನಿರುತ್ತಾರೆ?

ಬರ ಬಂದಾಗಲಂತೂ ಬೆರಳೆಲ್ಲ ಇವರ ಕಡೆಗೇ. ಮಳೆ ತರಿಸಲು ದೂರದಿಂದ ಕರೆಸಿದ ಮಳೆಗಾರ ಮೋಡ ಕಾಣದೆ ಹೋದಾಗ ಮಿಷನರಿಗಳ ಗಂಟೆಯನ್ನು ದೂರಿದ. ಅದರ ಸದ್ದಿಗೆ ಮೋಡ ಹೆದರುತ್ತದೆಯಂತೆ. ಮೊಫಾಟ್ ಪ್ರಯಾಣದಿಂದ ತಂದಿದ್ದ ಒಂದು ಮೂಟೆ ಉಪ್ಪಿನ ಮೇಲೂ ಅನುಮಾನ. ಕೊನೆಗೊಂದು ದಿನ ಮುಖಂಡನೊಬ್ಬ ಹತ್ತಾರು ಜನರೊಂದಿಗೆ, ಕೈಯಲ್ಲಿ ಈಟಿ ಹಿಡಿದು ಮನೆ ಮುಂದೆ ಬಂದು ನಿಂತ. ನೀವು ಇಲ್ಲಿಂದ ಹೊರಡಬೇಕು ಎಂದ. ರಾಬರ್ಟ್ ಅಂಗಿಯ ಗುಂಡಿ ಬಿಚ್ಚಿ ಎದೆ ತೋರಿಸಿ, ಬೇಕಾದರೆ ಇಲ್ಲಿಗೇ ಚುಚ್ಚಿ, ನಾವು ಹೋಗುವುದಿಲ್ಲ ಎಂದನಂತೆ. ಇವರಿಗೆ ಹತ್ತು ಜೀವ ಇರಬೇಕು ಎಂದುಕೊಂಡು ಅವರು ಹಿಂದಿರುಗಿದರು. ಮಿಷನರಿ ಸಾಹಿತ್ಯದಲ್ಲಿ ಬಹಳ ಪ್ರಸಿದ್ಧವಾದ ದೃಶ್ಯವಿದು. ಇದರಲ್ಲಿ ಅವನ ಹಿಂದೆ, ಬಾಗಿಲಲ್ಲಿ, ಕಂಕುಳಲ್ಲಿ ಕೂಸನ್ನೆತ್ತಿಕೊಂಡು ಮೇರಿ ನಿಂತಿದ್ದಾಳೆ. ಎದೆ ತೋರಿಸುವ ಅವಕಾಶ ಅವಳಿಗಿರಲಿಲ್ಲ.

ಈ ಜನಕ್ಕೆ ಧರ್ಮದ ಕಲ್ಪನೆಯೇ ಇಲ್ಲ ಎಂದು ಮೊಫಾಟ್ ಬರೆದ. ಇಡೀ ಊರು ಒಟ್ಟಾಗಿ ಆಕಾಶವನ್ನು ನೋಡಿ ಮಳೆ ಬೇಡುವುದನ್ನು ಪಕ್ಕದಲ್ಲೇ ಇದ್ದು ಕಂಡವನ ಮಾತು. ಅವರ ಭಾಷೆಗೆ ಅಷ್ಟು ಚೆನ್ನಾಗಿ ಕಿವಿಗೊಟ್ಟವನು ಅವರ ಆಚರಣೆಗಳ ಮುಂದೆ ಕಿವುಡನಾದ.

ವರ್ಷಗಳು ಉರುಳಿದರೂ ಸಭೆಗೆ ಒಬ್ಬರೂ ಸೇರಲಿಲ್ಲ. ಆ ಬರಡು ದಿನಗಳಲ್ಲೇ ಇಂಗ್ಲೆಂಡಿನ ಶೆಫೀಲ್ಡಿನ ಗೆಳತಿಯೊಬ್ಬಳು, ನಿನಗೇನು ಕಳಿಸಲಿ ಎಂದು ಕೇಳಿ ಬರೆದಳು. ಪ್ರಭುಭೋಜನಕ್ಕೆ ಬೇಕಾದ ಪಾತ್ರೆಗಳನ್ನು ಕಳಿಸು, ಮುಂದೊಂದು ದಿನ ಬೇಕಾಗುತ್ತವೆ ಎಂದು ಮೇರಿ ಉತ್ತರ ಕೊಟ್ಟಳು. 1829ರಲ್ಲಿ ಗಾಳಿ ಇದ್ದಕ್ಕಿದ್ದಂತೆ ತಿರುಗಿತು. ಜನ ಪ್ರಾರ್ಥನೆಯ ನಡುವೆ ಗೊಳೋ ಎಂದು ಅಳತೊಡಗಿದರು. ಆ ಜುಲೈಯಲ್ಲಿ ಆರು ಮಂದಿಗೆ ದೀಕ್ಷಾಸ್ನಾನವಾಯಿತು. ಪ್ರಭುಭೋಜನದ ಹಿಂದಿನ ದಿನ, ಎಲ್ಲೆಲ್ಲೋ ಸುತ್ತಿ ಬಂದ ಪೆಟ್ಟಿಗೆ ಕುರುಮಾನ್ ತಲುಪಿತು. ಬಿಚ್ಚಿದರೆ ಒಳಗೆ ಅದೇ ಪಾತ್ರೆಗಳು. ಭಕ್ತರು ಇದನ್ನು ಪವಾಡವೆನ್ನುತ್ತಾರೆ. ಸಾಮಾನು ತಲುಪಲು ವರ್ಷಗಳು ಹಿಡಿಯುವ ಊರಿನಲ್ಲಿ ಮನೆ ನಡೆಸುವ ಹೆಂಗಸಿನ ಮುಂದಾಲೋಚನೆಯೂ ಅದರಲ್ಲಿ ಸಾಕಷ್ಟಿದೆ ಎಂದು ನಾನೆನ್ನುತ್ತೇನೆ.

ಆಮೇಲೆ ಕುರುಮಾನ್‌ನ ಹಗಲುಗಳೇ ಬೇರೆಯಾದವು. ಮೈಗೆ ಬಳಿಯುತ್ತಿದ್ದ ಕೊಬ್ಬು ಈಗ ಅಚ್ಚಿಗೆ ಹೊಯ್ದು ಮೇಣದಬತ್ತಿಯಾಯಿತು. ರಾತ್ರಿ ಓದಲು ಬೆಳಕು ಬೇಕಲ್ಲ. ಮೇರಿಯ ಹೊಲಿಗೆ ಶಾಲೆಗೆ ಸೂಜಿ ಹಿಡಿದೇ ಗೊತ್ತಿಲ್ಲದವರು ಬಂದು ಕೂತರು. ಬಟ್ಟೆ ಸಾಲದೆ ಒಂದೇ ತೋಳಿನ ಅಂಗಿ ತೊಟ್ಟವರು, ಒಂದು ತೋಳು ನೀಲಿ ಇನ್ನೊಂದು ಬೇರೆ ಬಣ್ಣ ಮಾಡಿಕೊಂಡವರು ಭಾನುವಾರ ಗಂಭೀರವಾಗಿ ಬಂದು ಸಾಲಾಗಿ ಕೂರುತ್ತಿದ್ದರು. ರಾಬರ್ಟ್ ಒಮ್ಮೆ ಪ್ರಯಾಣದಲ್ಲಿದ್ದಾಗ ಹಳ್ಳಿಯ ಹುಡುಗರು ಸುತ್ತುವರಿದು ಅಕ್ಷರ ಕಲಿಸಲೇಬೇಕೆಂದು ಹಟ ಹಿಡಿದರು. ಅವನು ವರ್ಣಮಾಲೆಯ ಹಾಳೆಯನ್ನು ನೆಲಕ್ಕೆ ಹಾಸಿ, ತನ್ನೂರಿನ ‘ಆಲ್ಡ್ ಲ್ಯಾಂಗ್ ಸೈನ್’ ಹಾಡಿನ ಧಾಟಿಗೆ ಎ, ಬಿ, ಸಿಗಳನ್ನು ಕೂರಿಸಿ ಹಾಡಿದ. ನಡುರಾತ್ರಿ ಕಳೆದರೂ ಊರು ಹಾಡುತ್ತಲೇ ಇತ್ತು, ಅವನಿಗೆ ನಿದ್ದೆಯಿಲ್ಲ.

ಭಾಷೆಯ ಕೆಲಸದಲ್ಲಿ ಮಾತ್ರ ರಾಬರ್ಟ್‌ನ ಶ್ರದ್ಧೆಗೆ ತಲೆಬಾಗಬೇಕು. ಡಚ್ ಬಲ್ಲ ದುಭಾಷಿಗಳನ್ನು ನೆಚ್ಚಿ ಸಾಕಾಗಿ, 1827ರಲ್ಲಿ ಮೇರಿಯನ್ನು ಕುರುಮಾನ್‌ನಲ್ಲಿ ಬಿಟ್ಟು ಬರೊಲಾಂಗ್ ಜನರ ನಡುವೆ ವಾರಗಟ್ಟಲೆ ಇದ್ದು ತ್ಸ್ವಾನಾ ಜನರ ಭಾಷೆಯಾದ ಸೆತ್ಸ್ವಾನಾ ಕಲಿತ. ಲೂಕನ ಸುವಾರ್ತೆಯನ್ನು ಅನುವಾದಿಸಿ ಕೇಪ್‌ಟೌನಿಗೆ ಒಯ್ದ. ಅಲ್ಲಿ ತಾನೇ ಮೊಳೆ ಜೋಡಿಸುವುದನ್ನು ಕಲಿತು 1830ರಲ್ಲಿ ಅಚ್ಚು ಮಾಡಿಸಿದ. ಹಿಂದಿರುಗುವಾಗ ಕಬ್ಬಿಣದ ಮುದ್ರಣಯಂತ್ರವೊಂದು ಅವನ ಜೊತೆ ಬಂತು. 1857ರ ಹೊತ್ತಿಗೆ ಇಡೀ ಬೈಬಲ್ ಸೆತ್ಸ್ವಾನಾದಲ್ಲಿತ್ತು. ಇದೇ ಲಂಡನ್ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಕನ್ನಡ ಬೈಬಲ್ಲಿಗೆ ಕೈಹಾಕಿದ್ದ. ಅವನೆದುರಿಗೆ ಸಾವಿರ ವರ್ಷದ ಕಾವ್ಯ, ವ್ಯಾಕರಣ, ಪಂಡಿತರು ಇದ್ದರು. ಮೊಫಾಟ್‌ಗೆ ಕಾಗುಣಿತವನ್ನೂ ತಾನೇ ಕಟ್ಟಿಕೊಳ್ಳಬೇಕಿತ್ತು.

ಇನ್ನು ಕಲ್ಲಿನ ಚರ್ಚು. ಎಂಟುನೂರು ಜನ ಕೂರುವಷ್ಟು ವಿಶಾಲ, ದಪ್ಪ ಗೋಡೆ, ಎತ್ತರದ ಹುಲ್ಲಿನ ಮಾಡು. ಮಾಡಿಗೆ ಬೇಕಾದ ಉದ್ದದ ತೊಲೆಗಳು ಆ ಸೀಮೆಯಲ್ಲೇ ಬೆಳೆಯುವುದಿಲ್ಲ. ಪೂರ್ವಕ್ಕೆ ಮುನ್ನೂರು ಕಿಲೋಮೀಟರಿಗೂ ಹೆಚ್ಚು ದೂರದಲ್ಲಿ, ಎಂಡೆಬೆಲೆ ದೊರೆ ಮ್ಜಿಲಿಕಾಜಿಯ ಸೀಮೆಯಲ್ಲಿ ಮರ ಕಡಿದು ಎತ್ತಿನ ಬಂಡಿಗಳಲ್ಲಿ ಎಳೆತಂದರು. ಸುತ್ತಲಿನವರು ಹೆಸರು ಕೇಳಿದರೆ ನಡುಗುತ್ತಿದ್ದ ಆ ದೊರೆಗೆ ಮೊಫಾಟ್ ಎಂದರೆ ಅದೇಕೋ ಅಪಾರ ಅಕ್ಕರೆ. 1838ರಲ್ಲಿ ಚರ್ಚು ತೆರೆಯಿತು. ಅದು ಇಂದಿಗೂ ನಿಂತಿದೆ. ದೊರೆಯ ಅಕ್ಕರೆಗೆ ಮುಂದೆ ಬೇರೆಯೇ ಬೆಲೆ ಬಂತು. 1888ರಲ್ಲಿ ಮೊಫಾಟ್‌ನ ಮಗ ಜಾನ್, ಆಗ ಬ್ರಿಟಿಷ್ ಅಧಿಕಾರಿ, ಮ್ಜಿಲಿಕಾಜಿಯ ಮಗ ಲೊಬೆಂಗುಲಾನಿಂದ ಒಂದು ಒಪ್ಪಂದಕ್ಕೆ ಅಂಕಿತ ಹಾಕಿಸಿದ. ಉದ್ಯಮಿ ಸೆಸಿಲ್ ರೋಡ್ಸ್‌ನ ಕಂಪನಿ ಆ ಬಾಗಿಲಿನಿಂದಲೇ ಒಳನುಗ್ಗಿ 1893ರಲ್ಲಿ ರಾಜ್ಯವನ್ನು ನುಂಗಿತು. ಜಾನ್ ಕಂಪನಿಯನ್ನು ಟೀಕಿಸಿದ ನಿಜ, ಅಷ್ಟರಲ್ಲಿ ಕಾಲ ಮಿಂಚಿತ್ತು.

ಮೇರಿ ಹತ್ತು ಮಕ್ಕಳನ್ನು ಹೆತ್ತಳು, ಕೆಲವರನ್ನು ಎಳೆತನದಲ್ಲೇ ಮಣ್ಣು ಮಾಡಿದಳು. ಬದುಕಿದವರನ್ನು ಓದಿಗೆಂದು ದೂರದ ಶಾಲೆಗೋ ಕಡಲಾಚೆಗೋ ಕಳಿಸಬೇಕು. ಬಂಡಿಯಲ್ಲಿ ಕೇಪ್‌ಟೌನಿನವರೆಗೂ ಹೋಗಿ, ಚಿಕ್ಕವರನ್ನು ಹಡಗು ಹತ್ತಿಸಿ, ಬರಿಗೈಯಲ್ಲಿ ಹಿಂದಿರುಗುವ ಕೆಲಸ ತಾಯಿಯದು. ಹಿರಿಮಗಳದ್ದೂ ತಾಯಿಯದೇ ಹೆಸರು, ಮೇರಿ. ಸಿಂಹ ಕಚ್ಚಿ ತೋಳು ಮುರಿದುಕೊಂಡ ಮಿಷನರಿ ಡೇವಿಡ್ ಲಿವಿಂಗ್‌ಸ್ಟನ್ 1844ರಲ್ಲಿ ಸುಧಾರಿಸಿಕೊಳ್ಳಲು ಕುರುಮಾನ್‌ಗೆ ಬಂದವನು ತೋಟದ ಬಾದಾಮಿ ಮರದ ಕೆಳಗೆ ಅವಳನ್ನು ಕೇಳಿದ. ಮರುವರ್ಷ ಮದುವೆಯಾಯಿತು. ಅಳಿಯನಿಗೆ ಮನೆಗಿಂತ ನಕ್ಷೆ ದೊಡ್ಡದು. ಬಸುರಿ ಹೆಂಡತಿಯನ್ನೂ ಪುಟ್ಟ ಮಕ್ಕಳನ್ನೂ ಕಲಹರಿ ದಾಟಿಸಿ ಕರೆದೊಯ್ದ. ಹುಟ್ಟಿದ ಕೂಸೊಂದು ತೀರಿಕೊಂಡಿತು. ಮತ್ತೆ ಬಸುರಿಯನ್ನು ಕರೆದುಕೊಂಡು ಹೊರಡುವುದು ತಿಳಿದಾಗ 1851ರಲ್ಲಿ ಅತ್ತೆ ಅವನಿಗೊಂದು ಪತ್ರ ಬರೆದಳು. ಪ್ರಾರ್ಥನೆ, ದೇವರ ಚಿತ್ತ ಯಾವುದನ್ನೂ ಅಡ್ಡ ತರದೆ, ಮಗಳ ತಾಯಿಯಾಗಿ ನೇರವಾಗಿ ಬೈದ ಪತ್ರ. ಅವನು ಕೇಳಲಿಲ್ಲ. 1862ರಲ್ಲಿ ಆ ಮಗಳು ಜ್ಯಾಂಬೆಜಿ ದಂಡೆಯ ಶುಪಂಗಾದಲ್ಲಿ ಜ್ವರದಿಂದ ತೀರಿಕೊಂಡಳು.

1870ರ ಮಾರ್ಚ್‌ನಲ್ಲಿ ಮುದಿ ದಂಪತಿ ಕುರುಮಾನ್ ಬಿಟ್ಟು ಹೊರಟಾಗ ಜನ ಬಂಡಿಯ ಸುತ್ತ ನೆರೆದು ಅತ್ತರು. ಮರುವರ್ಷ ಜನವರಿಯಲ್ಲೇ ಮೇರಿ ಲಂಡನ್ನಿನಲ್ಲಿ ಕಣ್ಣುಮುಚ್ಚಿದಳು. ರಾಬರ್ಟ್ ಇನ್ನೂ ಹನ್ನೆರಡು ವರ್ಷ ಬಾಳಿ, ಸನ್ಮಾನ, ಭಾಷಣ, ಔತಣಗಳನ್ನು ಕಂಡ. ಇತ್ತ ಕುರುಮಾನ್‌ಗೆ ಮಗಳು ಬೆಸ್ಸಿ, ಗಂಡ ರೋಜರ್ ಪ್ರೈಸ್‌ನೊಂದಿಗೆ ಮರಳಿ ಬಂದಳು. ಹತ್ತಕ್ಕೂ ಹೆಚ್ಚು ಮಕ್ಕಳ ತಾಯಿಯಾದ ಅವಳು ದಿನಚರಿಯನ್ನೂ ಪತ್ರಗಳನ್ನೂ ಬರೆದಿಟ್ಟಳು. ಸೊಸೈಟಿಯ ದಾಖಲೆಯಲ್ಲಿ ಮಿಷನರಿ ಎಂದು ಇರುವುದು ಪ್ರೈಸ್‌ನ ಹೆಸರು.