ಡಬಲ್ ಮೇಜರ್ ಓದಿದವರಿಗೆ ಕೆಲಸ ಎಲ್ಲಿದೆ?

ಊರು ಬಿಟ್ಟು ಪುಣೆ, ಹೈದರಾಬಾದ್, ಚೆನ್ನೈ ಅಂತ ಐಟಿ ಕೆಲಸಕ್ಕೆ ಬಂದಿರೋ ನಮಗೆಲ್ಲ, ಡಿಗ್ರಿ ರಿಸಲ್ಟ್ ಬಂತು ಅಂದ್ರೆ ಒಂದು ಫೋನ್ ಬರೋದು ಗ್ಯಾರಂಟಿ. "ನಮ್ ಹುಡುಗಿ ಡಿಗ್ರಿ ಮುಗಿಸಿದ್ಲು ಕಣಪ್ಪಾ, ನಿಮ್ ಕಂಪನೀಲಿ ಏನಾದ್ರೂ ನೋಡು." ಮೊದಲೆಲ್ಲ ಯಾವ ಡಿಗ್ರಿ ಅಂತ ಕೇಳಿದ್ರೆ ಬಿಇ, ಬಿಸಿಎ, ಬಿಕಾಂ ಅಂತ ಒಂದು ಪದದ ಉತ್ತರ ಸಿಗ್ತಿತ್ತು. ಈಗ "ಮೇಜರ್ ಎಕನಾಮಿಕ್ಸ್, ಮೈನರ್ ಸ್ಟ್ಯಾಟಿಸ್ಟಿಕ್ಸ್" ಅಂತಾರೆ, ಇಲ್ಲಾ "ಕೆಮಿಸ್ಟ್ರಿ ಜೊತೆಗೆ ಕಂಪ್ಯೂಟರ್ ಸೈನ್ಸ್" ಅಂತಾರೆ. ಕೇಳಿ ನಾವು "ರೆಸ್ಯೂಮೆ ಕಳಿಸಮ್ಮಾ" ಅಂದು ಫೋನ್ ಇಡ್ತೀವಿ. ಆಮೇಲೆ ಆ ರೆಸ್ಯೂಮೆಯನ್ನ ಎಲ್ಲಿಗೆ ಕಳಿಸಬೇಕು ಅಂತ ನಮಗೇ ಗೊತ್ತಾಗಲ್ಲ. ಇವತ್ತಿನ ಮಾತು ಅದರ ಬಗ್ಗೆ.

ಸ್ವಲ್ಪ ಹಿನ್ನೆಲೆ ಹೇಳ್ತೀನಿ. ರಾಷ್ಟ್ರೀಯ ಶಿಕ್ಷಣ ನೀತಿ 2020ನ್ನು ದೇಶದಲ್ಲಿ ಮೊದಲು ಜಾರಿಗೆ ತಂದ ರಾಜ್ಯ ಕರ್ನಾಟಕ, 2021-22ರಲ್ಲಿ. ಮೇಜರ್, ಮೈನರ್, ಓಪನ್ ಎಲೆಕ್ಟಿವ್, ಡಿಜಿಟಲ್ ಫ್ಲೂಯೆನ್ಸಿ, ಬೇಕಾದವರಿಗೆ ನಾಲ್ಕನೇ ವರ್ಷದ ಆನರ್ಸ್ ಎಲ್ಲ ಆಗ ಬಂತು. 2024-25ರಿಂದ ಸೇರಿದವರಿಗೆ ರಾಜ್ಯ ಸರ್ಕಾರ ಮತ್ತೆ ಮೂರು ವರ್ಷದ ಪದವಿಗೆ ವಾಪಸ್ ಹೋಯ್ತು. ಅಂದ್ರೆ ನಡುವಿನ ಮೂರು ಬ್ಯಾಚಿನ ಮಕ್ಕಳ ಕೈಯಲ್ಲಿ ಅಣ್ಣನ ಡಿಗ್ರಿಗೂ ತಮ್ಮನ ಡಿಗ್ರಿಗೂ ಹೋಲದ ಅಂಕಪಟ್ಟಿ ಇದೆ. ನೀತಿ ಸರಿಯೋ ತಪ್ಪೋ ಅನ್ನೋ ಜಗಳ ಇಲ್ಲಿ ಬೇಡ. ಮಕ್ಕಳು ಓದಿ ಆಗಿದೆ.

ಹಾಗೆ ನೋಡಿದ್ರೆ ಬಹುವಿಷಯದ ಪದವಿ ನಮಗೆ ಹೊಸದಲ್ಲ. ದೆಹಲಿಯಲ್ಲಿ ಒಂದೇ ವಿಷಯದ ಆನರ್ಸ್ ಓದ್ತಿದ್ದ ಕಾಲದಲ್ಲೇ ನಮ್ಮಲ್ಲಿ ಪಿಸಿಎಂ, ಸಿಬಿಝಡ್, ಪಿಎಂಸಿಎಸ್, ಎಚ್‌ಇಪಿ ಅಂತ ಮೂರು ಮೂರು ವಿಷಯ ಸಮಸಮ ಓದೋರು. ಆದ್ರೆ ಆ ಮೂರೂ ವಿಷಯ ಮೂರು ಬೇರೆ ಬೇರೆ ನೋಟ್‌ಬುಕ್‌ನಲ್ಲಿ ಉಳೀತಿತ್ತು. ಈಗಿನ ಡಬಲ್ ಮೇಜರ್‌ನಲ್ಲೂ ಬಹಳಷ್ಟು ಸಲ ಅದೇ ಕಥೆ. ಎರಡು ವಿಷಯ ಓದಿರೋದನ್ನೇ ಕೌಶಲ ಅಂತ ಯಾವ ಕಂಪನಿಯೂ ಲೆಕ್ಕಕ್ಕೆ ತಗೊಳ್ಳಲ್ಲ. ಎರಡೂ ಗೊತ್ತಿದ್ದವರಿಗೆ ಮಾತ್ರ ಕಾಣೋ ತಪ್ಪೊಂದನ್ನ ನೀವು ಹಿಡಿದು ತೋರಿಸಿದ್ರೆ, ಅದಕ್ಕೆ ಬೆಲೆ ಇದೆ.

ಒಂದು ಉದಾಹರಣೆ ಕೊಡ್ತೀನಿ. ಕೇಂದ್ರ ಸರ್ಕಾರದ ಆಗ್‌ಮಾರ್ಕ್‌ನೆಟ್ ಅನ್ನೋ ಪೋರ್ಟಲ್‌ನಲ್ಲಿ ದೇಶದ ಕೃಷಿ ಮಾರುಕಟ್ಟೆಗಳ ದಿನದ ದರ ಪುಕ್ಕಟೆ ಸಿಗತ್ತೆ. ಮಾರುಕಟ್ಟೆ, ತಳಿ, ಆವಕ, ಕನಿಷ್ಠ ಬೆಲೆ, ಗರಿಷ್ಠ ಬೆಲೆ, ಮೋಡಲ್ ಬೆಲೆ ಅಂತ ಕಾಲಂಗಳು. ಬ್ಯಾಡಗಿ ಮಾರುಕಟ್ಟೆಯ ಒಣಮೆಣಸಿನಕಾಯಿ ದರ ಕೆಲವು ವರ್ಷದ್ದು ಇಳಿಸಿಕೊಳ್ಳಿ ಅನ್ಕೊಳ್ಳಿ. ಬರೀ ಕೋಡಿಂಗ್ ಗೊತ್ತಿರೋ ಹುಡುಗ ಏನು ಮಾಡ್ತಾನೆ? ದರ ಇಲ್ಲದ ದಿನಗಳನ್ನ "ಮಿಸ್ಸಿಂಗ್ ಡೇಟಾ" ಅಂತ ತಿಳ್ಕೊಂಡು ಹಿಂದಿನ-ಮುಂದಿನ ದಿನದ ಸರಾಸರಿ ತುಂಬಿಸ್ತಾನೆ. ಗ್ರಾಫ್ ಚೆನ್ನಾಗಿ ಬರತ್ತೆ. ಆದ್ರೆ ಅಲ್ಲಿ ಹರಾಜು ಪ್ರತಿದಿನ ನಡೆಯೋದೇ ಇಲ್ಲ. ಆ ದಿನ ಡೇಟಾ ಕಳೆದುಹೋಗಿಲ್ಲ, ವ್ಯಾಪಾರವೇ ಆಗಿಲ್ಲ. ಅದೇ ಹುಡುಗ ಎಲ್ಲ ತಳಿಗಳನ್ನೂ ಸೇರಿಸಿ ಒಂದೇ ಸರಾಸರಿ ತೆಗೀತಾನೆ. ಡಬ್ಬಿ ಬೇರೆ, ಕಡ್ಡಿ ಬೇರೆ, ಗುಂಟೂರು ತಳಿ ಬೇರೆ ಅಂತ ಹಾವೇರಿ ಕಡೆಯವರಿಗೆ ಹೇಳಿಕೊಡಬೇಕಾ? ಬ್ಯಾಡಗಿ ಮೆಣಸಿನಕಾಯಿ ಹೋಗೋದು ಬಣ್ಣಕ್ಕೆ. ಖಾರ ಕಮ್ಮಿ, ಅದರ ಬಣ್ಣ ತೆಗೆಯೋ ಓಲಿಯೋರೆಸಿನ್ ಕಾರ್ಖಾನೆಗಳು ಕೊಳ್ತವೆ. ಗುಂಟೂರು ಕಡೆಯದು ಖಾರಕ್ಕೆ. ಎರಡನ್ನೂ ಕೂಡಿಸಿ ಸರಾಸರಿ ತೆಗೆದರೆ ಆ ಬೆಲೆಗೆ ಕೊಟ್ಟವರೂ ಇಲ್ಲ, ಕೊಂಡವರೂ ಇಲ್ಲ. ಜೊತೆಗೆ ಕೋಲ್ಡ್ ಸ್ಟೋರೇಜ್‌ನಲ್ಲಿಟ್ಟ ಹಳೇ ಮಾಲು ಸೀಸನ್ ಮುಗಿದ ಮೇಲೆ ಬರತ್ತೆ, ಆವಕದ ಅಂಕಿಯಲ್ಲಿ ಅದೂ ಬೆಳೆಯ ಹಾಗೇ ಕಾಣತ್ತೆ.

ಎಕನಾಮಿಕ್ಸ್ ಓದಿ, ಸ್ವಲ್ಪ ಎಸ್‌ಕ್ಯೂಎಲ್ ಮತ್ತೆ ಪೈಥಾನ್ ಕಲಿತ ಹುಡುಗಿ ಈ ಮೂರು ತಪ್ಪು ಹಿಡಿದು, ಸರಿ ಮಾಡಿ, ಎರಡು ಪುಟದಲ್ಲಿ ಬರೆದು ಗಿಟ್‌ಹಬ್‌ನಲ್ಲಿ ಇಟ್ಟಿದ್ದರೆ ಅದು ನನ್ನ ಕಣ್ಣಿಗೆ ಹತ್ತು ಆನ್‌ಲೈನ್ ಸರ್ಟಿಫಿಕೇಟ್‌ಗಿಂತ ದೊಡ್ಡದು. ಈಗಂತೂ ಎಸ್‌ಕ್ಯೂಎಲ್ ಕ್ವೆರಿಯನ್ನ ಚಾಟ್‌ಜಿಪಿಟಿ ಬರೆದುಕೊಡತ್ತೆ. ಖಾಲಿ ದಿನ ಹರಾಜಿಲ್ಲದ ದಿನ ಅನ್ನೋ ಅನುಮಾನ ಬರಬೇಕಾದ್ದು ಕೂತು ನೋಡ್ತಿರೋ ಮನುಷ್ಯನಿಗೆ. ಇಂಟರ್ವ್ಯೂನಲ್ಲಿ "ನಿಮ್ಮ ಪ್ರಾಜೆಕ್ಟ್ ಹೇಳಿ" ಅಂದಾಗ ಇದನ್ನ ಮೂರು ನಿಮಿಷದಲ್ಲಿ, ಮುರುಕು ಇಂಗ್ಲಿಷ್‌ನಲ್ಲಾದರೂ ಸರಿ, ಹೇಳೋಕೆ ಬರಬೇಕು. ಅದನ್ನ ಮನೇಲಿ ಜೋರಾಗಿ ಹೇಳಿ ಅಭ್ಯಾಸ ಮಾಡಿಸಿ. ಫೋನ್‌ನಲ್ಲಿ ನೀವೇ ಕೇಳಿಸ್ಕೊಳ್ಳಿ.

ಇಂಥವರಿಗೆ ಜಾಗ ಎಲ್ಲಿದೆ? ಎಕನಾಮಿಕ್ಸ್, ಸ್ಟ್ಯಾಟಿಸ್ಟಿಕ್ಸ್‌ನವರಿಗೆ ಮುಂಬೈ, ಪುಣೆ, ಚೆನ್ನೈ, ಬೆಂಗಳೂರಿನಲ್ಲಿರೋ ಬ್ಯಾಂಕ್‌ಗಳ ಜಿಸಿಸಿಗಳು. ಅಲ್ಲಿ ಕ್ರೆಡಿಟ್ ರಿಸ್ಕ್, ರಿಪೋರ್ಟಿಂಗ್ ಕೆಲಸ. ಬಯಾಲಜಿ, ಕೆಮಿಸ್ಟ್ರಿ ಓದಿ ಪ್ರೋಗ್ರಾಮಿಂಗ್ ಕಲಿತವರಿಗೆ ಕ್ಲಿನಿಕಲ್ ಟ್ರಯಲ್ ಡೇಟಾ: ಸ್ಯಾಸ್ ಪ್ರೋಗ್ರಾಮಿಂಗ್, ಅದರ ಜೊತೆಗೆ ಸಿಡಿಸ್ಕ್ ಅನ್ನೋ ಡೇಟಾ ಮಾನದಂಡ. ಹೈದರಾಬಾದ್, ಬೆಂಗಳೂರಿನಲ್ಲಿ ಇದು ದೊಡ್ಡ ಕ್ಷೇತ್ರವೇ, ಆದ್ರೆ ನಮ್ಮ ಕಾಲೇಜುಗಳಲ್ಲಿ ಹೆಸರು ಕೇಳಿದವರು ಕಮ್ಮಿ. ಜಿಯಾಗ್ರಫಿಯವರಿಗೆ ಜಿಐಎಸ್, ಕ್ಯೂಜಿಐಎಸ್ ಪುಕ್ಕಟೆ ಸಾಫ್ಟ್‌ವೇರ್, ಇವತ್ತೇ ಶುರು ಮಾಡಬಹುದು. ಕನ್ನಡ ಸಾಹಿತ್ಯ, ಭಾಷಾವಿಜ್ಞಾನದವರನ್ನೂ ಬಿಡಬೇಡಿ. ಐಐಟಿ ಮದ್ರಾಸಿನ ಎಐ4ಭಾರತ್, ಸರ್ಕಾರದ ಭಾಷಿಣಿ ಇಂಥ ಯೋಜನೆಗಳಿಗೆ ಭಾರತೀಯ ಭಾಷೆಗಳ ಡೇಟಾ ಬೇಕು. ಧಾರವಾಡದ ಮಾತನ್ನೂ ಮಂಗಳೂರಿನ ಮಾತನ್ನೂ ಸರಿಯಾಗಿ ಬರೆದುಕೊಳ್ಳೋಕೆ ಕನ್ನಡ ಬಲ್ಲವರೇ ಬೇಕು. ಈ ಕೆಲಸ ಬಹಳಷ್ಟು ಕಾಂಟ್ರಾಕ್ಟ್ ಮೇಲೆ ಇರತ್ತೆ, ಅದನ್ನ ಮೊದಲೇ ಹೇಳಿಬಿಡಿ.

ಇನ್ನು ಬಾಗಿಲಿನ ವಿಷಯ. ದೊಡ್ಡ ಸರ್ವಿಸ್ ಕಂಪನಿಗಳ ಎಷ್ಟೋ ಡ್ರೈವ್‌ನಲ್ಲಿ ಅರ್ಹತೆಯ ಕಾಲಂನಲ್ಲಿ ಬಿಇ, ಬಿಟೆಕ್, ಎಂಸಿಎ ಅಂತ ಇದ್ದರೆ ಬಿಎಸ್ಸಿ ಆನರ್ಸ್‌ನವರ ಅರ್ಜಿಯನ್ನ ಮನುಷ್ಯರು ನೋಡೋದೇ ಇಲ್ಲ. ನಿಮ್ಮ ರೆಫರಲ್ ಕೂಡ ಅಲ್ಲಿ ಕೆಲಸ ಮಾಡಲ್ಲ. ಬಿಎಸ್ಸಿ, ಬಿಸಿಎಯವರಿಗೆ ಬೇರೆ ಬಾಗಿಲಿದೆ. ವಿಪ್ರೋದ ವರ್ಕ್ ಇಂಟಿಗ್ರೇಟೆಡ್ ಲರ್ನಿಂಗ್ ಪ್ರೋಗ್ರಾಂನಲ್ಲಿ ಕೆಲಸದ ಜೊತೆಗೇ ಎಂಟೆಕ್ ಓದಿಸ್ತಾರೆ. ಇಷ್ಟು ವರ್ಷ ಬಿಡೋ ಹಾಗಿಲ್ಲ ಅನ್ನೋ ಒಪ್ಪಂದ ಇರತ್ತೆ, ಓದಿ ಸಹಿ ಹಾಕಬೇಕು. ಟಿಸಿಎಸ್‌ನಲ್ಲೂ ಬಿಎಸ್ಸಿಯವರಿಗೆ ಇಗ್ನೈಟ್, ಸ್ಮಾರ್ಟ್ ಹೈರಿಂಗ್ ಅಂತ ಬೇರೆ ದಾರಿಗಳಿವೆ. ಇಂಥ ಕಡೆ ಯಾವ ಯಾವ ವಿಷಯದವರು ಅರ್ಜಿ ಹಾಕಬಹುದು ಅಂತ ಪಟ್ಟಿ ಇರತ್ತೆ, ಹಾಗಾಗಿ ಪ್ರಮಾಣಪತ್ರದಲ್ಲಿ ಮೇಜರ್ ಯಾವುದು ಅಂತ ಬರೆದಿದೆ ಅನ್ನೋದು ಮುಖ್ಯ. ರೆಸ್ಯೂಮೆಯಲ್ಲಿ ಅದನ್ನೇ ಅಕ್ಷರಶಃ ಬರೀಬೇಕು, ಮೈನರನ್ನ ಮೇಜರ್ ಮಾಡಬಾರದು. ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್‌ನಲ್ಲಿ ಸಿಕ್ಕಿಬಿದ್ದರೆ ಸೇರಿದ ಮೇಲೂ ಕೆಲಸ ಹೋಗತ್ತೆ. ಸಿಜಿಪಿಎಯನ್ನ ಶೇಕಡಾವಾರಿಗೆ ಬದಲಾಯಿಸೋವಾಗಲೂ ಆಯಾ ವಿಶ್ವವಿದ್ಯಾಲಯದ ಸೂತ್ರವನ್ನೇ ಬಳಸಬೇಕು, ಸುಮ್ಮನೆ ಹತ್ತರಿಂದ ಗುಣಿಸೋದಲ್ಲ.

ಮೈನರ್‌ನ ಬೆರಳೆಣಿಕೆಯ ಪೇಪರ್‌ಗಳ ಮೇಲೆ ಟೆಕ್ನಿಕಲ್ ಇಂಟರ್ವ್ಯೂ ದಾಟೋದು ಕಷ್ಟ. ಒಂದು ವಿಷಯವಾದರೂ ಆಳಕ್ಕೆ ಹೋಗಲೇಬೇಕು. ಕಂಪ್ಯೂಟರ್ ಕಡೆ ಆಳ ಬೇಕು ಅನ್ನೋರಿಗೆ ಐಐಟಿ ಮದ್ರಾಸಿನ ಆನ್‌ಲೈನ್ ಡೇಟಾ ಸೈನ್ಸ್ ಬಿಎಸ್ ಇದೆ. ಜೆಇಇ ಬರೆಯದಿದ್ದರೂ ಅವರದೇ ಕ್ವಾಲಿಫೈಯರ್ ಪಾಸಾಗಿ ಸೇರಬಹುದು, ನಡುವೆ ಡಿಪ್ಲೊಮಾ ತಗೊಂಡು ನಿಲ್ಲಿಸಲೂಬಹುದು. ಒಟ್ಟಿಗೆ ಎರಡು ಡಿಗ್ರಿ ಮಾಡೋಕೆ ಯುಜಿಸಿ 2022ರಲ್ಲೇ ಒಪ್ಪಿಗೆ ಕೊಟ್ಟಿದೆ, ಆದ್ದರಿಂದ ಈಗಿನ ಕಾಲೇಜು ಬಿಡಬೇಕಿಲ್ಲ. ಗೇಟ್ ಪರೀಕ್ಷೆಯಲ್ಲಿ 2024ರಿಂದ ಡೇಟಾ ಸೈನ್ಸ್ ಮತ್ತು ಎಐ ಅನ್ನೋ ಪೇಪರ್ ಬಂದಿದೆ. ಪ್ರಾಬಬಿಲಿಟಿ, ಲೀನಿಯರ್ ಆಲ್ಜಿಬ್ರಾ ಅದರಲ್ಲಿ ಇರೋದ್ರಿಂದ ಮ್ಯಾಥ್ಸ್, ಸ್ಟ್ಯಾಟಿಸ್ಟಿಕ್ಸ್ ಮೇಜರ್‌ನವರಿಗೆ ಅನುಕೂಲ. ಆದ್ರೆ ಗೇಟ್ ಬರೆಯೋ ಅರ್ಹತೆ ಬೇರೆ, ಎಂಟೆಕ್ ಸೀಟಿನ ಅರ್ಹತೆ ಬೇರೆ. ಮೂರು ವರ್ಷದ ಡಿಗ್ರಿಯನ್ನ ಬಹಳಷ್ಟು ಸಂಸ್ಥೆಗಳು ಎಂಟೆಕ್‌ಗೆ ಒಪ್ಪೋದಿಲ್ಲ. ಯಾವ ಸಂಸ್ಥೆ ಅಂತ ಗೊತ್ತು ಮಾಡ್ಕೊಂಡು ಅವರ ಬ್ರೋಷರ್ ಓದಿ ಆಮೇಲೆ ಕೋಚಿಂಗ್‌ಗೆ ದುಡ್ಡು ಕಟ್ಟಿ.

ಕೊನೇದಾಗಿ ನಾಲ್ಕನೇ ವರ್ಷ. 2021ರಿಂದ 2023ರೊಳಗೆ ಸೇರಿದವರ ಮನೆಯಲ್ಲಿ ಇದೇ ದೊಡ್ಡ ಚರ್ಚೆ: ಮೂರಕ್ಕೇ ಹೊರಗೆ ಬರಬೇಕಿತ್ತಾ, ನಾಲ್ಕು ಮುಗಿಸಬೇಕಿತ್ತಾ ಅಂತ. ಬರೀ ಐಟಿ ಸರ್ವಿಸ್ ಕೆಲಸಕ್ಕೆ ನಾಲ್ಕನೇ ವರ್ಷದಿಂದ ಹೆಚ್ಚಿನ ಲಾಭ ನನಗಂತೂ ಕಾಣಲ್ಲ, ಒಂದು ವರ್ಷದ ಅನುಭವವೇ ಮೇಲು. ಸಂಶೋಧನೆಗೆ ಹೋಗೋರ ಲೆಕ್ಕ ಬೇರೆ. ಯುಜಿಸಿಯ 2022ರ ನಿಯಮದ ಪ್ರಕಾರ ನಾಲ್ಕು ವರ್ಷದ ಪದವಿಯಲ್ಲಿ ಶೇ. 75 ಇದ್ದರೆ ಮಾಸ್ಟರ್ಸ್ ಇಲ್ಲದೆ ನೇರವಾಗಿ ಪಿಎಚ್‌ಡಿಗೆ ಅರ್ಜಿ ಹಾಕಬಹುದು. ಮೂರಕ್ಕೆ ಹೊರಗೆ ಬಂದವರು ಎರಡು ವರ್ಷದ ಎಂಎಸ್ಸಿ ಮಾಡಬಹುದು, ಹಳೇ ದಾರಿ ಮುಚ್ಚಿಲ್ಲ. ಈಗಾಗಲೇ ನಾಲ್ಕು ಮುಗಿಸಿದವರಿಗೆ ಒಂದೇ ವರ್ಷದ ಮಾಸ್ಟರ್ಸ್‌ಗೂ ಅವಕಾಶ ಇದೆ. ಅವರು ಹೋಗಬೇಕು ಅಂದ್ಕೊಂಡಿರೋ ವಿಶ್ವವಿದ್ಯಾಲಯದಲ್ಲಿ ಅದು ನಿಜವಾಗಿ ಶುರುವಾಗಿದೆಯಾ ಅಂತ ಫೋನ್ ಮಾಡಿ ಕೇಳಿಕೊಳ್ಳಲಿ.